ಹತ್ತು ರೈಟ್, ಎರಡು ಸ್ಟಾಪ್

ಮಾಡದಕೆರೆ
3 ಆಗಸ್ಟ್ 2025

ಕೆಮ್ಮು ಸಾಮ್ರಾಜ್ಯದ ಪಟ್ಟದರಾಣಿ ಮೌನಿಕಾದೇವಿಯವರ ಸನ್ನಿಧಾನಕ್ಕೆ,

ಹೊಸದುರ್ಗ–ಹಿರಿಯೂರು ಬಸ್ಸಿನ ಕಂಡಕ್ಟರೂ, ತಮ್ಮ ಏಕೈಕ ಸೋದರಮಾವನೂ ಆದ ಚಿತ್ತಯ್ಯನು ತಲೆಬಾಗಿ ಮಾಡುವ ಬಿನ್ನಹ.

ಇನ್ನು ಮುಂದೆ ಫೋನಿಲ್ಲ, ಪತ್ರ ಮಾತ್ರ ಎಂಬ ಆಜ್ಞೆ ತಲುಪಿದೆ. ‘ನೀನು ನನ್ನ ಮಾತು ಕೇಳಲ್ಲ ಮಾವ, ಕೆಮ್ಮು ಎಣಿಸ್ತೀಯ’ ಎಂದು ನೀನು ಫೋನ್ ಇಟ್ಟಾಗ ನನ್ನ ಎಣಿಕೆ ಹದಿನೇಳಕ್ಕೆ ಬಂದಿತ್ತು. ಆರೋಪ ಒಪ್ಪಿದ್ದೇನೆ. ಬಸ್ಸಿನಲ್ಲಿ ತಲೆ ಎಣಿಸಿ ಎಣಿಸಿ ಬಂದ ಚಾಳಿ; ಮದುವೆ ಊಟಕ್ಕೆ ಕೂತರೂ ಎಲೆ ಎಣಿಸುತ್ತೇನೆ. ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಹಿರಿಯೂರು ಸ್ಟ್ಯಾಂಡಿನಲ್ಲಿ ಚಿತ್ರದುರ್ಗದ ಬಸ್ಸಿನ ಕಂಡಕ್ಟರ್ ರಂಗೇಶನ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ನಿನ್ನ ರೂಮು ಸೇರುತ್ತದೆ. ನಿನ್ನ ಉತ್ತರವೂ ಅದೇ ರಾಜಮಾರ್ಗದಲ್ಲಿ ಬರಲಿ.

ನಿನ್ನೆ ಔಷಧಿ ಡಬ್ಬಿ ಕೊಡುವಾಗ ರಂಗೇಶ ಕೇಳಿದ.

“ಏನ್ ಚಿತ್ತಣ್ಣ, ಹದಿನೈದು ದಿನಕ್ಕೊಂದು ಐಸ್ ಡಬ್ಬಿ. ದುರ್ಗಕ್ಕೆ ಮಾರಿಕಣಿವೆ ಡ್ಯಾಮಿನ ಮೀನು ಸಪ್ಲೈ ಮಾಡ್ತೀಯಾ?”

“ಔಷಧಿ ಕಣಪ್ಪ. ನಮ್ಮಕ್ಕನ ಮಗಳು ಅಲ್ಲಿ ಡಿಗ್ರಿ ಓದ್ತಾಳೆ.”

“ಏನಾಗೈತೆ?”

“ಹುಟ್ಟಿದಾಗ್ಲಿಂದ ಐತೆ. ಸಿಸ್ಟಿಕ್ ಫೈಬ್ರೋಸಿಸ್ ಅಂತಾರೆ. ಬೆವರು ಬಲು ಉಪ್ಪು, ಎದೆಯಾಗಿನ ಕಫ ಅಂಟಿನಂಗೆ ಗಟ್ಟಿ. ಆ ಅಂಟಿನಾಗೆ ಸುಡೋಮೋನಾಸ್ ಅಂತ ಒಂದು ಕ್ರಿಮಿ ಮನೆ ಕಟ್ಕಂಡೈತೆ. ಒಂದು ಔಷಧಿಗೆ ಬಗ್ಗತೈತೆ, ನಾಕು ತಿಂಗಳಿಗೆ ಅದ್ನೇ ಅರಗಿಸ್ಕಂಡು ಮತ್ತೆ ತಲೆ ಎತ್ತತೈತೆ.”

“ಹಂಗಾರೆ ಟಿಬಿನಾ?”

“ಟಿಬಿ ಅಲ್ಲ, ನಿನಗೆ ಅಂಟೋದೂ ಅಲ್ಲ. ಡಬ್ಬಿ ಇಟ್ಕಳಪ್ಪ.”

ಹೀಗೆಂದೆ, ಆದರೆ ನಿನಗೆ ಹನ್ನೊಂದು ತುಂಬುವವರೆಗೆ ನಾವೂ ಅದೇ ಅಂದುಕೊಂಡು ಎರಡು ಸಲ ಟಿಬಿ ಮಾತ್ರೆ ನುಂಗಿಸಿದ್ದು ನೆನಪಾಗಿ ಬಾಯಿ ಕಹಿಯಾಯಿತು. ಹೊಳಲ್ಕೆರೆ ಕಡೆಯ ನಿಮ್ಮ ಹಟ್ಟಿಯ ಕುರಿಗಳು ಮಾತ್ರ ಮೊದಲೇ ಪತ್ತೆ ಹಚ್ಚಿದ್ದವು. ನಿನ್ನ ಕೈ ನೆಕ್ಕಲು ಸಾಲು ಹಚ್ಚುತ್ತಿದ್ದವು. ‘ಕುರಿಗಳಿಗೂ ನನ್ನ ಮಗಳು ಅಂದ್ರೆ ಪ್ರಾಣ’ ಎಂದು ನಿಮ್ಮವ್ವ ಬೀಗುತ್ತಿದ್ದಳು. ಪ್ರಾಣವಲ್ಲ, ಉಪ್ಪು.

ಹೋದ ವಾರ ಬೆಂಗಳೂರಿನಲ್ಲಿ ಕೊಟ್ಟ ಕಫದ ಕಲ್ಚರ್ ರಿಪೋರ್ಟ್ ಇನ್ನೂ ಬಂದಿಲ್ಲ. ‘ನಿಮ್ಮ ಮನೆತನದಾಗೆ ಕಲ್ಚರ್ ಇರೋದು ಆ ಹುಡುಗಿ ಕಫಕ್ಕೆ ಮಾತ್ರ’ ಎಂದು ನಿನ್ನ ಕಾಳಕ್ಕತ್ತೆ ಅಭಿಪ್ರಾಯಪಟ್ಟಿದ್ದಾಳೆ. ಡಾಕ್ಟ್ರಮ್ಮ ಹೇಳಿದ್ದು ನೆನಪಿದೆಯಲ್ಲ? ‘ಈಗ ಎಳೀತಿರೋ ಔಷಧಿಗೆ ಕ್ರಿಮಿ ಬಗ್ತಿಲ್ಲ ಅಂತ ರಿಪೋರ್ಟಲ್ಲಿ ಬಂದ್ರೆ ನಿಲ್ಲಿಸಿಬಿಡೋಣ.’ ಅಲ್ಲಿಯವರೆಗೆ ದಿನಕ್ಕೆರಡು ಸಲ ಹಬೆ ಮಿಷನ್ನಿನಲ್ಲಿ ಕೊಲಿಸ್ಟಿನ್ ಎಳೆಯತಕ್ಕದ್ದು. ಹೆಸರಿನಲ್ಲೇ ‘ಕೊಲ್ಲಿಸ್ತೀನಿ’ ಎಂದು ಭರವಸೆ ಕೊಡುವ ಔಷಧಿ ಜಗತ್ತಿನಲ್ಲಿ ಇದೊಂದೇ ಇರಬೇಕು.

ಇಂತಿ ನಿನ್ನ ಪಾದಧೂಳಿ,
ಚಿತ್ತಯ್ಯ ಮಾವ


ಚಿತ್ರದುರ್ಗ
7 ಆಗಸ್ಟ್

ಮಾವ,

ಪಟ್ಟದರಾಣಿ ಕ್ಷೇಮ. ಡಬ್ಬಿ ತಲುಪಿತು, ಐಸ್ ಕರಗಿರಲಿಲ್ಲ. ರಂಗೇಶಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೈಯನ್ನು ಮಾತ್ರ ಬಸ್ಸಿನೊಳಗೇ ಬಿಟ್ಟು ನನಗೆ ಕೊಟ್ಟ. ನಿನ್ನ ಪಾಠ ಅವನಿಗೆ ಅರ್ಧ ಹತ್ತಿದೆ.

ಕೆಮ್ಮು ಹೋದ ತಿಂಗಳಿಗಿಂತ ಕಮ್ಮಿ. ಪತ್ರದಲ್ಲಿ ಎಣಿಸೋಕೆ ಆಗಲ್ಲ ಅಂತ ನೀನು ಹಲ್ಲು ಕಡಿಯುತ್ತಿರುತ್ತೀಯ, ಕಡಿ. ರೂಮ್‌ಮೇಟ್ ಸುಷ್ಮಿತಾ ಮಾತ್ರ ‘ನಿನ್ನ ಕೆಮ್ಮಿಗೇ ಏಳ್ತೀನಿ ಕಣೆ, ಅಲಾರಂ ದಂಡ’ ಅನ್ನುತ್ತಾಳೆ. ಅವಳದು ಬಿಡು, ಅವಳು ಸೊಳ್ಳೆ ಹಾರಿದರೂ ಏಳುವ ಜಾತಿ.

ನಿನ್ನ ‘ಕೊಲ್ಲಿಸ್ತೀನಿ’ಯ ಮೇಲೆ ನನ್ನದೊಂದು ದೂರಿದೆ. ಎಳೆದ ಮೇಲೆ ಅರ್ಧ ಗಂಟೆ ಎದೆ ಹಗ್ಗ ಕಟ್ಟಿದ ಹಾಗೆ ಬಿಗಿಯುತ್ತೆ. ಗೋಡೆಗೆ ಒರಗಿ ಕೂತು, ಇದು ಕೊಲ್ಲಿಸ್ತಿರೋದು ಕ್ರಿಮಿಯನ್ನೋ ನನ್ನನ್ನೋ ಅಂತ ಯೋಚಿಸ್ತಿರ್ತೀನಿ. ಇದು ತಮಾಷೆ. ಮತ್ತೆ ಮುಖ ಸಣ್ಣಗೆ ಮಾಡ್ಕೊಂಡು ಅತ್ತೆ ಹತ್ತಿರ ಹೇಳಬೇಡ.

ಅವ್ವನಿಗೆ ಚೆನ್ನಾಗಿದ್ದಾಳೆ ಅಂತ ಹೇಳು. ರಿಪೋರ್ಟ್ ಬಂದ ದಿನವೇ ಬರಿ.

ಮೌನಿ


ಮಾಡದಕೆರೆ
12 ಆಗಸ್ಟ್

ಮೌನಿ,

ಮೊದಲು ಸಿಹಿ ಏನಾದರೂ ಬಾಯಿಗೆ ಹಾಕಿಕೊಂಡು ಮುಂದೆ ಓದು.

ರಿಪೋರ್ಟ್ ಬಂತು. ಹಿಂದೆಲ್ಲ ಕಾಗದದಲ್ಲಿ ಬಂದು ನೇರ ಡಾಕ್ಟ್ರಮ್ಮನ ಫೈಲಿನೊಳಗೆ ಅಡಗುತ್ತಿತ್ತು. ಈ ಸಲ ಮೊದಲ ಬಾರಿಗೆ ಸ್ವತಃ ನನ್ನ ಫೋನಿಗೇ ದಯಮಾಡಿಸಿತು. ಇಷ್ಟು ವರ್ಷ ನಮ್ಮಿಂದ ಏನು ಮುಚ್ಚಿಟ್ಟಿದ್ದರೋ, ಓದಿದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುವಂತಿದೆ.

ಮೇಲುಗಡೆ ಸುಡೋಮೋನಾಸ್ ಎಂದು ದಪ್ಪಕ್ಷರ. ನಿನ್ನ ಹೆಸರು ಮೌನಿ, ಅದರದು ಮೋನಿ. ರೇಷನ್ ಕಾರ್ಡಿನವರು ನೋಡಿದರೆ ಅಕ್ಕತಂಗಿ ಎಂದು ಬರೆದುಕೊಂಡಾರು. ಕೆಳಗೆ ಹನ್ನೆರಡು ಔಷಧಿಗಳ ಪಟ್ಟಿ. ಪ್ರತಿಯೊಂದರ ಮುಂದೆ ಒಂದೇ ಒಂದು ಇಂಗ್ಲಿಷ್ ಅಕ್ಷರ. ಹತ್ತಕ್ಕೆ ‘ಆರ್’, ಎರಡಕ್ಕೆ ‘ಎಸ್’. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನೂರು ಸಲ ನನ್ನ ಬಾಯಲ್ಲಿ ಬರುವ ಇಂಗ್ಲಿಷ್ ಎರಡೇ ಪದ. ರೈಟ್, ಸ್ಟಾಪ್. ಆ ಲ್ಯಾಬಿನವರು ನನ್ನಂಥವನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ.

ಹತ್ತು ರೈಟ್ ಮೌನಿ. ಹನ್ನೆರಡರಲ್ಲಿ ಹತ್ತು. ಇನ್ನು ಹತ್ತು ಔಷಧಿ ನಮ್ಮ ಕೈಯಲ್ಲಿವೆ, ಒಂದು ಹೋದರೆ ಇನ್ನೊಂದು. ಎರಡಕ್ಕೆ ಮಾತ್ರ ಸ್ಟಾಪ್. ಅವು ಯಾವುವು ಎಂದು ತಲೆ ಕೆಡಿಸಿಕೊಳ್ಳಬೇಡ, ಅದನ್ನು ಮಾವ ನೋಡಿಕೊಳ್ಳುತ್ತಾನೆ.

ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. “ರಿಪೋರ್ಟ್ ನೋಡಿದ್ರಾ ಸರ್? ಡಾಕ್ಟರ್ ರಜೆ ಮೇಲಿದಾರೆ, ಏನಾದ್ರೂ ಡೌಟ್ ಇದ್ರೆ ಕೇಳಿ.” ನನಗೆ ಜನ್ಮದಲ್ಲಿ ಮೊದಲ ಸಲ ಡೌಟೇ ಇರಲಿಲ್ಲ. “ಏನೂ ಇಲ್ಲ ತಾಯಿ, ಎಲ್ಲಾ ಅರ್ಥ ಆಗೈತೆ” ಎಂದೆ.

ನಿಮ್ಮವ್ವನಿಗೆ ಫೋನಿನಲ್ಲಿ ಹೇಳಿದಾಗ ಅತ್ತುಬಿಟ್ಟಳು. ಕುರಿ ದಡ್ಡಿಯಲ್ಲಿ ನಿಂತಿದ್ದಳಂತೆ. ‘ಹತ್ತಾ ಚಿತ್ತ, ಪೂರಾ ಹತ್ತಾ’ ಎಂದು ಮೂರು ಸಲ ಕೇಳಿದಳು.

ಹಿಗ್ಗಿ ಹೀರೇಕಾಯಿಯಾಗಿರುವ
ಮಾವ


ಚಿತ್ರದುರ್ಗ
15 ಆಗಸ್ಟ್

ಮಾವ,

ಆರ್ ಅಂದರೆ ರೈಟ್ ಅಲ್ಲ.

ಆರ್ ಅಂದರೆ ಆ ಔಷಧಿಗೆ ಕ್ರಿಮಿ ಬಗ್ಗಲ್ಲ ಅಂತ. ಎಸ್ ಅಂದರೆ ಬಗ್ಗುತ್ತೆ ಅಂತ. ನೀನು ಪೂರ್ತಿ ಉಲ್ಟಾ ಓದಿದ್ದೀಯ. ಒಂಬತ್ತು ವರ್ಷದಿಂದ ಡಾಕ್ಟ್ರಮ್ಮನ ಮೇಜಿನ ಮೇಲೆ ಆ ಹಾಳೆಗಳನ್ನು ತಲೆಕೆಳಗಾಗಿ ಓದುತ್ತಾ ಬಂದವಳು ನಾನು. ಹೋದ ವರ್ಷ ಐದು ಎಸ್ ಇದ್ದವು. ಈಗ ಎರಡು.

ಆ ಎರಡರಲ್ಲಿ ಒಂದು ಕೊಲಿಸ್ಟಿನ್ ಆಗಿರಲಿ ಅಂತ ಬೆಳಿಗ್ಗೆಯಿಂದ ಅಂದುಕೊಳ್ತಿದ್ದೀನಿ. ಆ ಹಾಳೆ ನನ್ನ ಫೋನಿಗೆ ಕಳಿಸು ಅಂತ ಕೇಳಬಹುದು. ಕೇಳಲ್ಲ. ಹತ್ತು ಆರ್ ಕಣ್ಣಿಂದ ನೋಡುವ ಧೈರ್ಯ ಇವತ್ತು ನನಗಿಲ್ಲ.

ಅವ್ವ ಮೂರು ಸಲ ಕೇಳಿದಳು ಅಂತ ಬರೆದಿದ್ದೀಯ. ಈಗ ನಾನು ‘ಹತ್ತಲ್ಲ ಅವ್ವ, ಎರಡು’ ಅಂತ ಹೇಗೆ ಹೇಳಲಿ?

ಡಾಕ್ಟ್ರಮ್ಮ ರಜೆ ಮುಗಿಸಿ ಬಂದ ಮೇಲೆ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಹಬೆ ಎಳೆಯೋದು ಹೇಗೂ ಎಳೀತಿರ್ತೀನಿ, ಏನೂ ಕೆಡಲ್ಲ. ಎರಡು ವಾರ ಅವರು ಖುಷಿಯಾಗಿರಲಿ. ಇದನ್ನು ಕಳಿಸಲ್ಲ. ಬೇರೆ ಬರೀತೀನಿ.


ಚಿತ್ರದುರ್ಗ
15 ಆಗಸ್ಟ್

ಮಾವ,

ಸಿಹಿಗೆ ಕಾಲೇಜಿನಲ್ಲಿ ಬಾವುಟ ಹಾರಿಸಿ ಕೊಟ್ಟ ಬೂಂದಿಯೇ ಆಯಿತು. ಹತ್ತು ರೈಟ್ ಕೇಳಿ ಭಾರಿ ಸಂತೋಷ. ಮೋನಿಗೆ ಇನ್ನು ಟಿಕೆಟ್ ಹರಿದು ಕೈಗೆ ಕೊಟ್ಟ ಹಾಗೇ.

ಡಬ್ಬಿ 17ಕ್ಕೆ ಮುಗಿಯುತ್ತೆ. ಮುಂದಿನದು ರಂಗೇಶಣ್ಣನ ಕೈಲಿ ಕಳಿಸು. ಮರೀಬೇಡ.

ಮೌನಿ


ಮಾಡದಕೆರೆ
19 ಆಗಸ್ಟ್

ಚಿರಂಜೀವಿ ಮೌನಿಗೆ,

ಐಸ್ ಡಬ್ಬಿ ತೆರೆದು ಗಾಬರಿಯಾಗಬೇಡ. ಈ ಸಲ ಅದರಲ್ಲಿರುವುದು ಕಾಳಕ್ಕತ್ತೆಯ ಶೇಂಗಾ ಚಟ್ನಿಪುಡಿ. ನಿನಗೆ ಉಪ್ಪು ಜಾಸ್ತಿ ಬೇಕೆಂದು ಡಾಕ್ಟ್ರಮ್ಮ ಹೇಳಿದ್ದನ್ನು ಅವಳು ವೈಯಕ್ತಿಕ ಸವಾಲಾಗಿ ತೆಗೆದುಕೊಂಡಿದ್ದಾಳೆ. ನಾನು ಒಂದು ಚಮಚ ತಿಂದು ಒಂದು ಬಿಂದಿಗೆ ನೀರು ಕುಡಿದೆ.

ಔಷಧಿ ಡಬ್ಬಿ ಸ್ವಲ್ಪ ತಡ. ಚಿಂತೆ ಬೇಡ, ಎದೆಗೂ ನಾಲ್ಕು ದಿನ ರಜೆ ಸಿಗಲಿ. ಗೋಡೆಗೆ ಒರಗಿ ಕೂರುವ ಕೆಲಸ ತಪ್ಪಿತಲ್ಲ. ಒಂದು ವಿಷಯ ಇದೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಕೇಳಿದರೆ ನಿನಗೆ ಸಂತೋಷವೇ ಆದೀತು.

ಮೊನ್ನೆ ಮಾರಿಕಣಿವೆಯಲ್ಲಿ ಒಬ್ಬ ತಾತ ಟಗರು ಹತ್ತಿಸಿದ. “ಟಗರಿಗೆ ಟಿಕೆಟ್ ತಗಳ್ರಿ” ಎಂದೆ. “ಇದು ನನಗಿಂತ ಹಿರೇದು ಕಣಪ್ಪ, ಹಿರಿಯ ನಾಗರಿಕರ ರಿಯಾಯ್ತಿ ಕೊಡು” ಎಂದ. ಇಡೀ ಬಸ್ಸು ನಕ್ಕಿತು. ಟಗರು ಮಾತ್ರ ಮುಖ ಗಂಟು ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು, ನಾನೇನೋ ತಪ್ಪು ಮಾಡಿದವನ ಹಾಗೆ.

ಕೆಮ್ಮು ಹೇಗಿದೆ, ಬರಿ.

ಮಾವ


ಚಿತ್ರದುರ್ಗ
25 ಆಗಸ್ಟ್

ಮಾವ,

ಚಟ್ನಿಪುಡಿ ಚೆನ್ನಾಗಿದೆ. ಅಕ್ಷರ ಸೊಟ್ಟ ಇದ್ದರೆ ಮಲಗಿಕೊಂಡು ಬರೀತಿದ್ದೀನಿ ಅಂತ ತಿಳಿ. ಸೋಮಾರಿತನ, ಬೇರೆ ಏನಿಲ್ಲ. ದುರ್ಗದಲ್ಲಿ ಗಾಳಿ ಅಂದರೆ ಗಾಳಿ. ಬೆಟ್ಟದ ಮೇಲಿನ ಗಾಳಿಯಂತ್ರದ ಫ್ಯಾನುಗಳು ತಿರುಗೋದು ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಡಬ್ಬಿ ತಡ ಆದರೆ ಆಗಲಿ. ಎಲ್ಲೂ ಸಿಗ್ತಿಲ್ಲ ಅಂತ ನನಗೆ ಅರ್ಥ ಆಯಿತು. ಎರಡು ವರ್ಷದ ಹಿಂದೆಯೂ ಸ್ಟಾಕ್ ಇಲ್ಲದೆ ನೀನು ಡ್ಯೂಟಿ ಬಿಟ್ಟು ದಾವಣಗೆರೆ, ತುಮಕೂರು ಅಂತ ಅಂಗಡಿ ಅಂಗಡಿ ಅಲೆದಿದ್ದೆ, ನನಗೆ ಮಾತ್ರ ‘ತಡ’ ಅಂತ ಹೇಳಿದ್ದೆ. ಈ ಸಲ ಅಲೀಬೇಡ. ಸಿಕ್ಕಾಗ ಸಿಗಲಿ.

ಕೆಮ್ಮು ಇದೆ, ಇರುತ್ತಲ್ಲ.

ಮೌನಿ


ಹಿರಿಯೂರು ಬಸ್ ಸ್ಟ್ಯಾಂಡ್
30 ಆಗಸ್ಟ್

ಮೌನಿ,

ಕೈಗೆ ಸಿಕ್ಕ ಕಾಗದದ ಹಿಂದೆ ಬರೆಯುತ್ತಿದ್ದೇನೆ. ನಿನ್ನ ಆಜ್ಞೆ ಮುರಿದು ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸುಷ್ಮಿತಾಳ ನಂಬರ್ ನನ್ನ ಹತ್ತಿರ ಇಲ್ಲ, ಎಂಥ ಮಾವ ನಾನು.

ಬೆಳಿಗ್ಗೆ ಮಾರಿಕಣಿವೆಯಲ್ಲಿ ಬರಗೇರಮ್ಮ ಸಿಸ್ಟರ್ ಹತ್ತಿದರು. ಆಸ್ಪತ್ರೆ ನರ್ಸ್, ದಿನಾ ನಮ್ಮ ಬಸ್ಸಿಗೇ ಬರುವವರು. ಜಂಬ ತೋರಿಸಲು ನಿನ್ನ ರಿಪೋರ್ಟ್ ಅವರ ಮುಂದೆ ಹಿಡಿದೆ.

“ಯಾರ್ದು ಚಿತ್ತಣ್ಣ ಇದು?”

“ನಮ್ಮಕ್ಕನ ಮಗಳ್ದು. ನೋಡ್ರಿ, ಹತ್ತು ರೈಟು, ಎರಡೇ ಸ್ಟಾಪು.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸ್ಟಾಪು ಅಂತ ಯಾರ್ ಹೇಳಿದ್ರು ನಿಮಗೆ?”

“ಯಾರ್ ಹೇಳ್ಬೇಕು, ಬರ್ದೈತಲ್ಲ.”

“ಎಸ್ ಅಂದ್ರೆ ಆ ಔಷಧಿಗೆ ಕ್ರಿಮಿ ಸಾಯ್ತೈತೆ ಅಂತ. ಆರ್ ಅಂದ್ರೆ ಸಾಯಲ್ಲ ಅಂತ. ಪಾಪ, ಈ ಹುಡುಗಿಗೆ ಇವೆರಡೇ ಉಳ್ದಿರೋದು. ಕೊಲಿಸ್ಟಿನ್ ಕೊಡ್ತಿದೀರಲ್ಲ?”

ಡ್ರೈವರ್ ಜುಂಜಯ್ಯ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. “ಏನಪ್ಪ, ಹೋಗಾಣಾ?” ಎಂದು ಎರಡು ಸಲ ಕೇಳಿದ. ಹಿಂದಿನ ಸೀಟಿನವರು ಕೂಗಿದರು. ನನ್ನ ಬಾಯಿಂದ ಆ ಪದ ಹೊರಡಲಿಲ್ಲ ಮೌನಿ. ಕೊನೆಗೆ ಸಿಸ್ಟರೇ ಬೆಲ್ ಹೊಡೆದರು.

ನಿನಗೆ ಹೇಳಬೇಕಾದ ವಿಷಯ ಇದು. ಔಷಧಿ ಸಿಗದೆ ತಡವಾಗಿದ್ದಲ್ಲ. 14ನೇ ತಾರೀಕೇ ಹಿರಿಯೂರಿಗೆ ಬಂದಿತ್ತು. ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಇತ್ತು. ಕೊಲಿಸ್ಟಿನ್ ಮುಂದೆ ‘ಎಸ್’ ನೋಡಿ ನಾನೇ ಕಳಿಸಲಿಲ್ಲ. ಡಾಕ್ಟ್ರಮ್ಮ ‘ನಿಲ್ಲಿಸೋಣ’ ಅಂದಿದ್ದು ತಲೆಯಲ್ಲಿತ್ತು. ನೀನು ಎದೆ ಹಗ್ಗ ಕಟ್ಟಿದಂತಾಗುತ್ತೆ ಎಂದು ಬರೆದಿದ್ದು ಅದಕ್ಕಿಂತ ಹೆಚ್ಚಾಗಿ ತಲೆಯಲ್ಲಿತ್ತು. ಕಷ್ಟ ತಪ್ಪಿಸಿದೆ ಎಂದುಕೊಂಡು ಹದಿಮೂರು ದಿನ ನೆಮ್ಮದಿಯಾಗಿ ಉಂಡೆ.

ಮೊದಲ ಟ್ರಿಪ್ ಮುಗಿಸಿ, ಮನೆಗೆ ಓಡಿ ತಂದ ಡಬ್ಬಿ ರಂಗೇಶನ ಕೈಲಿದೆ. ಸಿಕ್ಕ ತಕ್ಷಣ ಎಳಿ. ನಾನು ಸಂಜೆ ಡ್ಯೂಟಿ ಬಿಟ್ಟು ಬರುತ್ತೇನೆ.

ಚಿತ್ತಯ್ಯ


ಚಿತ್ರದುರ್ಗ
30 ಆಗಸ್ಟ್, ಮಧ್ಯಾಹ್ನ

ಮಾವ,

ನಾನು ಸುಷ್ಮಿತಾ. ಮೌನಿಕಾ ಹೇಳ್ತಾಳೆ, ನಾನು ಬರೀತಿದೀನಿ. ಅವಳಿಗೆ ಪೆನ್ನು ಹಿಡಿಯೋಕೆ ಆಗ್ತಿಲ್ಲ. ಈ ಸಾಲು ಹೊಡೆದು ಹಾಕು ಅಂದ್ಲು. ಹೊಡೆಯಲ್ಲ.

ನಾಲ್ಕು ದಿನದಿಂದ ಜ್ವರ. ನಿನ್ನೆ ಕಫದಲ್ಲಿ ರಕ್ತ ಬಂತು. ಇವತ್ತು ಬೆಳಿಗ್ಗೆ ಇಲ್ಲಿನ ಆಸ್ಪತ್ರೆಗೆ ಕರ್ಕೊಂಡು ಬಂದೆ, ಆಕ್ಸಿಜನ್ ಹಾಕಿದಾರೆ. ಸಂಜೆಯೊಳಗೆ ಆಂಬ್ಯುಲೆನ್ಸಲ್ಲಿ ಬೆಂಗಳೂರಿಗೆ. ಅವಳ ಫೋನು ರೂಮಲ್ಲೇ ಬಿಟ್ಟು ಬಂದಿದ್ವಿ, ನಿಮ್ಮ ನಂಬರ್ ಅದರಲ್ಲೇ ಇದೆ; ಅವ್ವನ ನಂಬರ್ ಮಾತ್ರ ಅವಳಿಗೆ ಬಾಯಿಪಾಠ. ಡಬ್ಬಿ ಏನಾದ್ರೂ ಬಂದಿದೆಯಾ ಅಂತ ಸ್ಟ್ಯಾಂಡಿಗೆ ಹೋದಾಗ ರಂಗೇಶಣ್ಣ ಡಬ್ಬಿ ಜೊತೆ ನಿಮ್ಮ ಪತ್ರನೂ ಕೊಟ್ರು, ಓದಿ ಹೇಳಿದೆ.

ಈಗ ಅವಳು ಹೇಳಿದ್ದು. “ಮಾವ, ನಂಗೊತ್ತಿತ್ತು.”

ಏನು ಗೊತ್ತಿತ್ತು ಅಂತ ನಾನೂ ಕೇಳಿದೆ. ಆರ್ ಅಂದ್ರೆ ರೈಟ್ ಅಲ್ಲ ಅಂತ ನಿಮ್ಮ ಪತ್ರ ಬಂದ ದಿನವೇ ಗೊತ್ತಿತ್ತಂತೆ. ಬರೆದು ನೋಟ್‌ಬುಕ್ಕಲ್ಲೇ ಇಟ್ಟುಕೊಂಡ್ಲಂತೆ. ನೀವು ಡಬ್ಬಿ ನಿಲ್ಲಿಸ್ತೀರ ಅಂತ ಮಾತ್ರ ಗೊತ್ತಿರಲಿಲ್ಲ, ಸಿಗ್ತಿಲ್ಲ ಅಂದುಕೊಂಡಿದ್ಲು. ಮಾವ, ನನಗೆ ಇಬ್ಬರ ಮೇಲೂ ಕೋಪ ಬಂದಿದೆ, ದೊಡ್ಡವರು ಅಂತ ನೋಡದೆ ಬರೀತಿದೀನಿ.

ಅವ್ವ ಹೊಳಲ್ಕೆರೆಯಿಂದ ಬಸ್ ಹತ್ತಿದಾರೆ. ನೀವು ಇಲ್ಲಿಗೆ ಬರಬೇಡಿ, ನೇರ ಬೆಂಗಳೂರಿಗೆ ಹೋಗಿ.

ಇನ್ನೊಂದು ಸಾಲು ಹೇಳ್ತಿದಾಳೆ, ಮಾತು ಪೂರ್ತಿ ಆಗ್ತಿಲ್ಲ.

ಸುಷ್ಮಿತಾ


ಬೆಂಗಳೂರು
17 ಸೆಪ್ಟೆಂಬರ್

ಮಾವ,

ನೀನು ಇಲ್ಲಿ ಆರು ದಿನ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೋದೆ, ನಾವಿಬ್ಬರೂ ಆ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದೆವು. ಎದುರಿಗೆ ಬಾಯಿ ಬರಲ್ಲ, ಬರೆದರೆ ಬರುತ್ತೆ.

ಹದಿನೇಳು ದಿನದ ಇಂಜೆಕ್ಷನ್ ಇವತ್ತು ಮುಗಿಯಿತು. ಆ ಎರಡು ‘ಎಸ್’ನಲ್ಲಿ ಇನ್ನೊಂದು ಇದೇ. ಜೊತೆಗೆ ಕೊಲಿಸ್ಟಿನ್. ಜ್ವರ ಇಲ್ಲ, ಆಕ್ಸಿಜನ್ ತೆಗೆದು ಒಂಬತ್ತು ದಿನ ಆಯಿತು.

ಊದುವ ಪರೀಕ್ಷೆ ಮಾಡಿದರು. ಜುಲೈನಲ್ಲಿ ನನ್ನ ಉಸಿರು ನೂರಕ್ಕೆ 61 ಇತ್ತು. ಇಲ್ಲಿಗೆ ಬಂದಾಗ 43. ಈಗ 56. ಕೆನ್ನೆ ಕೆಂಪಾಗುವ ಹಾಗೆ ಮೂರು ಸಲ ಊದಿದೆ, ಮೂರು ಸಲವೂ 56. ಉಳಿದ ಐದು ಬರುತ್ತಾ ಅಂತ ಕೇಳಿದೆ. ಡಾಕ್ಟ್ರಮ್ಮ ಎಕ್ಸ್‌ರೇ ಎತ್ತಿ ತೋರಿಸಿದರು. “ಅಲ್ಲಿ ಗಾಯ ಒಣಗಿ ಗಟ್ಟಿ ಆಗಿದೆ ಮೌನಿಕಾ, ಅದು ಬರಲ್ಲ” ಅಂದರು. ಇವೆರಡನ್ನೂ ಕ್ರಿಮಿ ಅರಗಿಸಿಕೊಂಡರೆ ಮುಂದೇನು ಅಂತಲೂ ಕೇಳಿದೆ. “ಒಂದೊಂದೇ ನೋಡೋಣ” ಅಂದರು.

ನಿನ್ನ ಹೆಸರೆತ್ತಿದರೆ ಅವ್ವ ಗೋಡೆ ಕಡೆ ತಿರುಗುತ್ತಿದ್ದಳು. ನಿನ್ನೆ ಹೇಳಿಬಿಟ್ಟೆ, ನನಗೂ ಗೊತ್ತಿತ್ತು ಅಂತ. ಸೆರಗಿನ ತುದಿ ಬೆರಳಿಗೆ ಸುತ್ತಿದಳು.

“ಯಾಕೆ ಹೇಳ್ಲಿಲ್ಲ?”

“ನೀನು ಖುಷಿಯಾಗಿದ್ಯಲ್ಲ ಅವ್ವ.”

“ನನ್ನ ಖುಷಿ ಸುಡ್ಲಿ. ನಿಂದೊಂದು, ಅವಂದೊಂದು, ಇಬ್ರಿಗೂ ಕುರಿ ಕೋಲಲ್ಲಿ ಹೊಡೀಬೇಕು.”

ಆಮೇಲೆ ನಿನಗೆ ಊಟ ಆಯಿತಾ ಅಂತ ಕೇಳಿ ಬರಿ ಅಂದಳು. ಕೇಳಿದ್ದೀನಿ.

ಮೌನಿ


ಮಾಡದಕೆರೆ
21 ಸೆಪ್ಟೆಂಬರ್

ಮೌನಿ,

‘ಗಡಿಪಾರಾದ ಮಂತ್ರಿಯ ಬಿನ್ನಹ’ ಎಂದು ಶುರು ಮಾಡಿದ್ದೆ. ಹೊಡೆದು ಹಾಕಿದೆ. ನಾಲ್ಕು ಹಾಳೆ ಹಾಳಾದವು.

ಊಟ ಆಯಿತು ಎಂದು ಅಕ್ಕನಿಗೆ ಹೇಳು.

ಆ ಐದು ನನ್ನದು. ಅದರಲ್ಲಿ ನೀನು ಪಾಲು ಕೇಳಬೇಡ. ನೀನು ಇಪ್ಪತ್ತರ ಹುಡುಗಿ, ಅವ್ವನ ಮುಖ ನೋಡಿ ಸುಮ್ಮನಾದೆ. ನಾನು ಐವತ್ತರವನು, ಕೇಳಿ ತಿಳಿಯಬೇಕಾಗಿತ್ತು. ಡೌಟಿದ್ದರೆ ಕೇಳಿ ಎಂದು ಆ ಹೆಣ್ಣುಮಗಳು ಬೇಡಿಕೊಂಡಳು. ಓದೋಕೆ ಬಂತು ಎನ್ನುವ ಸೊಕ್ಕು. ಈಗ ಬರಗೇರಮ್ಮ ಸಿಸ್ಟರ್ ಹತ್ತಿರ ಪ್ರತಿ ಅಕ್ಷರ ಕೇಳುತ್ತೇನೆ. ಡಬ್ಬಿ ಹೊರಟ ದಿನ, ತಲುಪಿದ ದಿನ, ಎರಡನ್ನೂ ಕಾಳಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ; ನನ್ನ ಮೇಲೆ ಅವಳಿಗೆ ಈಗ ಚೂರೂ ನಂಬಿಕೆ ಇಲ್ಲ, ಅದು ಒಳ್ಳೆಯದೇ.

ಒಂದು ಕೇಳಬೇಕು. ನೂರರಲ್ಲಿ ಐದು ಎಂದರೆ ಎಷ್ಟು? ಬಸ್ಸಿನಲ್ಲಿ ಐದು ಜನ ಇಳಿದರೆ ನಿಂತವರಿಗೆ ಸೀಟು ಸಿಗುತ್ತದೆ, ಅಷ್ಟೇ. ಎದೆಯಲ್ಲಿ ಅದು ಎಷ್ಟು? ಜುಂಜಯ್ಯನನ್ನು ಕೇಳಿದೆ, ಅವನು ಗೇರ್ ಹಾಕಿದ. ಸಿಸ್ಟರನ್ನು ಕೇಳಿದೆ. “ಅದು ಆ ಹುಡುಗಿಗೇ ಗೊತ್ತು ಚಿತ್ತಣ್ಣ” ಎಂದರು.

ಹಾಗಾಗಿ ನಿನ್ನನ್ನೇ ಕೇಳುತ್ತಿದ್ದೇನೆ. ನನಗೆ ನೋವಾಗುತ್ತದೆ ಎಂದು ಕಮ್ಮಿ ಹೇಳಬೇಡ.

ಮಾವ


ಚಿತ್ರದುರ್ಗ
6 ಅಕ್ಟೋಬರ್

ಮಾವ,

ಡಬ್ಬಿ ಶನಿವಾರ ತಲುಪಿತು. ಅತ್ತೆಗೆ ಗುರುತು ಹಾಕೋಕೆ ಹೇಳು.

ನೀನು ಕೇಳಿದ್ದಕ್ಕೆ ಉತ್ತರ ಇವತ್ತು ಸಿಕ್ಕಿತು. ನಮ್ಮ ಕ್ಲಾಸ್ ಎರಡನೇ ಮಹಡಿಯಲ್ಲಿದೆ. ನಲವತ್ನಾಲ್ಕು ಮೆಟ್ಟಿಲು. ಎರಡು ವರ್ಷದಿಂದ ಇದನ್ನು ನಿನಗೆ ಹೇಳಿಲ್ಲ. ಹೇಳಿದ್ದರೆ ನೀನು ಪ್ರಿನ್ಸಿಪಾಲರ ರೂಮಿನಲ್ಲಿ ಬಂದು ಕೂತುಬಿಡುತ್ತಿದ್ದೆ. ಜುಲೈನಲ್ಲಿ ಹತ್ತುವಾಗ ಒಂದು ಸಲ ನಿಲ್ಲುತ್ತಿದ್ದೆ, ಮೊದಲ ಮಹಡಿಯಲ್ಲಿ. ಇವತ್ತು ಎರಡು ಸಲ ನಿಂತೆ. ಮೊದಲ ಮಹಡಿಯಲ್ಲಿ ಒಂದು, ಅಲ್ಲಿಂದ ಹನ್ನೆರಡು ಮೆಟ್ಟಿಲು ಮೇಲೆ ಕಿಟಕಿ ಹತ್ತಿರ ಇನ್ನೊಂದು. ನೂರರಲ್ಲಿ ಐದು ಅಂದರೆ ಅಷ್ಟು. ಕಮ್ಮಿ ಹೇಳಿಲ್ಲ.

ಅಷ್ಟೂ ನಿನ್ನದು ಅಂತ ಬರೆದಿದ್ದೀಯ. ಕೊಡಲ್ಲ. ನಿಲ್ಲೋಳು ನಾನು.

ಮೊದಲೆಲ್ಲ ನಿಂತಾಗ ಫೋನ್ ಕಿವಿಗೆ ಇಟ್ಟುಕೊಳ್ಳುತ್ತಿದ್ದೆ, ಯಾರದೋ ಕರೆ ಬಂದಿದೆ ಅನ್ನುವ ಹಾಗೆ. ‘ಹೂಂ, ಹೂಂ’ ಅಂತಿದ್ದರೆ ಜನ ಪಕ್ಕದಲ್ಲಿ ಹೋಗಿಬಿಡುತ್ತಾರೆ. ಇವತ್ತು ಕಿಟಕಿ ಹತ್ತಿರ ನಿಂತಾಗಲೂ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಹಿಂದೆ ಬಾಲರಾಜು ಸರ್ ಬರುತ್ತಿದ್ದರು, ಮೊದಲ ಪೀರಿಯಡ್ ಅವರದೇ.

“ಏನಮ್ಮ, ಫೋನಾ? ಬೇಗ ಮುಗಿಸಿ ಬಾ.”

“ಫೋನಲ್ಲ ಸರ್. ಉಸಿರು ಸಾಲ್ತಿಲ್ಲ. ನೀವು ಹೋಗಿರ್ರಿ, ಬರ್ತೀನಿ.”

ಇದನ್ನು ಹೇಳೋಕೆ ಎರಡು ಸಲ ಉಸಿರು ತಗೊಳ್ಳಬೇಕಾಯಿತು. ಕೆಳಗಿಂದ ಬರುತ್ತಿದ್ದ ಹುಡುಗಿಯರಿಗೂ ಕೇಳಿಸಿತು. ಕೇಳಿಸಲಿ ಅಂತ ಬಿಟ್ಟೆ.

ಸರ್ ಹೋಗಲಿಲ್ಲ. ಹಾಜರಿ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಾ ನಿಂತರು. ಬೆಲ್ ಹೊಡೆಯಿತು. ಆಗಲೂ ನಿಂತೇ ಇದ್ದರು. ನನಗೆ ಉಸಿರು ಬಂದ ಮೇಲೆ ಇಬ್ಬರೂ ಹತ್ತಿದೆವು.

ಮೌನಿ